ಉಡಕಿಯ ಗಂಡನಿಗೆ ಕಾದಂಬರಿಯಲ್ಲಿ ಜಾಗವಿಲ್ಲ

ಕಮಲಾಪುರದ ದುಂಡಮ್ಮ ತೊಂಬತ್ತು ದಾಟಿದ ಮೇಲೆ ಕಾದಂಬರಿಯೊಂದರ ನಾಯಕಿಯಾದಳು. ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಯಾರಿಂದಾದೀತು! ಅದಕ್ಕೂ ಮೊದಲು ಅವಳು ಎಲ್ಲರಂತೆ ನೆಟ್ಟಗೇ ಇದ್ದಳು. ನಾಲ್ಕು ಹೆತ್ತಳು, ತೋಟಕ್ಕೆ ನೀರು ಬಿಟ್ಟಳು, ಕೆಂಪು ಬಾಳೆಗೊನೆ ಕೊಳ್ಳಲು ಬಂದ ವ್ಯಾಪಾರಿಗಳ ಜೊತೆ ಗಂಟಲು ಹರಿಯುವಂತೆ ಜಗಳವಾಡಿದಳು. ಈಗ ಮಗಳು ಶಾರದಾಬಾಯಿಯ ಮನೆಯ ಪಡಸಾಲೆಯಲ್ಲಿ ಕೂತು, ಹೋಗಿ ಬರುವವರ ಲೋಪದೋಷಗಳನ್ನು ಎಣಿಸುತ್ತ ಸುಖವಾಗಿದ್ದಳು.

ಅವಳನ್ನು ನಾಯಕಿ ಮಾಡಿದವನು ಶಾರದಾಬಾಯಿಯ ಮಗ ಮಾಳಿಂಗರಾಯ. ಕಲಬುರಗಿಯ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಕಡತಗಳನ್ನು ವರ್ಷಗಟ್ಟಲೆ ಮಲಗಿಸುವ ಇದೇ ಮಹಾಶಯ ಕಾದಂಬರಿಗಳನ್ನು ಮಾತ್ರ ಪಟಪಟನೆ ಬರೆದು ಒಗೆಯುತ್ತಿದ್ದ. ಎಲ್ಲವೂ ಯುದ್ಧ, ಕ್ರಾಂತಿ ಮತ್ತು ಪ್ರೇಮದವೇ. ಅವನ ಪುಸ್ತಕದಲ್ಲಿ ಪ್ರೀತಿಸಿದವರು ಬದುಕಿ ಉಳಿದ ಉದಾಹರಣೆಯಿಲ್ಲ. ಅಕಸ್ಮಾತ್ ನಾಯಕಿ ಉಳಿದರೆ ಸಾಯುವವರೆಗೂ ಕಿಟಕಿಯ ಬಳಿ ನಿಂತಿರಬೇಕು, ಕೂರುವುದಕ್ಕೂ ಅಪ್ಪಣೆಯಿರಲಿಲ್ಲ.

ಒಂದು ಭಾನುವಾರ ಅವನು ಬಂದು ಅಜ್ಜಿಯ ಮುಂದೆ ಮೊಬೈಲು ಇಟ್ಟ.

"ಆಯಿ, ರಜಾಕಾರರ ಗಲಾಟಿ ಕಾಲದಾಗ ನಿನಗ ಏನೇನಾತು, ಎಲ್ಲಾ ಹೇಳು. ಬರೀತೀನಿ."

ಎಷ್ಟೋ ವರ್ಷಗಳಿಂದ ಯಾರೂ ಕೇಳದ ಮಾತು. ದುಂಡಮ್ಮನಿಗೆ ಹಿಗ್ಗೋ ಹಿಗ್ಗು. ನಿಜಾಮನ ಆಳ್ವಿಕೆಯ ಕಡೆಯ ವರ್ಷ ಅವಳ ಮದುವೆಯಾಗಿತ್ತು. ತಿಂಗಳು ತುಂಬುವುದರೊಳಗೆ ಊರ ಮೇಲೆ ನಿಜಾಮನ ಪರವಾದ ರಜಾಕಾರ ಪಡೆಯ ದಾಳಿಯಾಗಿ ಗಂಡ ಸತ್ತ. ತಲೆಯ ಮೇಲಿನ ಸೆರಗಿನ ಮರೆಯಿಂದ ಅವನ ಮುಖವನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ. ಉರಿಯುವ ಊರಿನಿಂದ ಅವಳನ್ನು ಬಂಡಿಯಲ್ಲಿ ಜೋಳದ ಒಣದಂಟಿನ ಕಣಿಕೆಯ ಕೆಳಗೆ ಮುಚ್ಚಿಟ್ಟು ಸೊಲ್ಲಾಪುರದ ಕಡೆಯ ಶಿಬಿರಕ್ಕೆ ದಾಟಿಸಿದವನು ಸಿದ್ದಣ್ಣ. ಒಂದು ಕಾಲು ಕುಂಟು, ಬಾಯಿ ತುಂಬ ತಂಬಾಕು. ಶಿಬಿರದಲ್ಲಿ ಹಸಿವಿಲ್ಲವೆಂದು ದಿನಾ ಸುಳ್ಳು ಹೇಳಿ ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದ. ಗಲಾಟೆ ಮುಗಿದು ಊರಿಗೆ ಬಂದ ಮೇಲೆ ಹಿರಿಯರು ಇಬ್ಬರಿಗೂ ಉಡಕಿ ಮಾಡಿದರು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆ ತುಂಬಿಸುವ ಪದ್ಧತಿ ಅದು. ಅವರ ಮಂದಿಯಲ್ಲಿ ಯಾರೂ ಅದನ್ನು ಮುಚ್ಚಿಡುತ್ತಿರಲಿಲ್ಲ.

"ನಿಮ್ಮ ಮುತ್ಯಾ ಭಾಳ ಗೊರಕಿ ಹೊಡೀತಿದ್ದ" ಎಂದು ದುಂಡಮ್ಮ ಸಿದ್ದಣ್ಣನನ್ನು ನೆನೆದು ನಗುತ್ತ ಹೇಳಿದಳು. "ಆದರ ಆ ಸಪ್ಪಳ ಕೇಳಿದರನ ನನಗ ನಿದ್ದಿ ಬರ್ತಿತ್ತು. ಯಾರೂ ಬರಂಗಿಲ್ಲ ಇನ್ನ, ಅಂತ ಧೈರ್ಯ. ಇದನ್ನ ಬರಿ."

ಮಾಳಿಂಗರಾಯ ತಲೆಯಾಡಿಸಿದ.

ಪುಸ್ತಕ ಬಂತು. ಶಾರದಾಬಾಯಿ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದಳು. ಮೊದಲ ಗಂಡ ಬೆಳದಿಂಗಳಲ್ಲಿ ಕೊಳಲು ನುಡಿಸಿದ, ಹದಿನೈದು ಪುಟ ಪ್ರೇಮಿಸಿದ, ಎಂಟು ಪುಟ ಸತ್ತ. ನಾಯಕಿ ಅವನ ನೆನಪಿನಲ್ಲಿ ಬಿಳಿ ಸೀರೆಯುಟ್ಟು ಕಿಟಕಿಯ ಬಳಿ ಹೋಗಿ ನಿಂತಳು, ಪುಸ್ತಕ ಮುಗಿಯುವವರೆಗೂ ಅಲ್ಲಾಡಲಿಲ್ಲ. ಸಿದ್ದಣ್ಣ? 'ಯಾರೋ ಒಬ್ಬ ಬಂಡಿಯವನು ಅವಳನ್ನು ದಾಟಿಸಿದ' ಎಂಬಲ್ಲಿಗೆ ಅವನ ಪಾತ್ರ ಮುಗಿದಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಶಾರದಾಬಾಯಿ ಪುಸ್ತಕ ಮುಚ್ಚಿಟ್ಟಳು. ಅವಳ ಅಪ್ಪನೇ ಮಾಯವಾಗಿದ್ದ. ದುಂಡಮ್ಮ ಆ ಪುಸ್ತಕವನ್ನು ಆಚೆ ತಳ್ಳಿದಳು. ಆ ಮನುಷ್ಯನ ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ತಾನು ಹೋದರೆ ಅವನ ಬಂಡಿ, ಅವನ ಅರ್ಧ ರೊಟ್ಟಿಯನ್ನು ಬಲ್ಲವರು ಯಾರುಳಿದರು? ಮೊಮ್ಮಗನಿಗೆ ಫೋನು ಹಚ್ಚಿಸಿದಳು.

"ಯಾಕಲೇ, ನಿಮ್ಮ ಮುತ್ಯಾನ ಎಲ್ಲಿ ಒಗದಿ?"

"ಆಯಿ, ಉಡಕಿ ಅಂತ ಬರದರ ಓದೋರು ಅಳಂಗಿಲ್ಲ. ತ್ಯಾಗ ಬೇಕು. ಮತ್ತ ಈಗ ನಾವು ನಾಕು ಮಂದಿಯೊಳಗ ಇರೋರು, ಅದೆಲ್ಲಾ ಚಂದ ಕಾಣಂಗಿಲ್ಲ."

"ನಿಮ್ಮ ಮುತ್ಯಾನ ಅದರಾಗ ಸೇರಸು."

"ಛಾಪಿ ಮುಗದದ. ನೀ ಪುಸ್ತಕದ ಬಿಡುಗಡೆಗೆ ಬಾ, ನಿನಗ ಶಾಲು ಹೊದಸತಾರ."

ಅಂದರೆ ತಾತನ ಬದಲಿಗೆ ಒಂದು ಶಾಲು. ಬಿಡುಗಡೆಯ ದಿನ ದುಂಡಮ್ಮ ಕೋಲು ಹಿಡಿದು ಹೊರಟಳು.

ಕಲಬುರಗಿಯ ಸಭಾಂಗಣದಲ್ಲಿ ಅಧ್ಯಕ್ಷರು ಮುಖಪುಟವನ್ನಷ್ಟೇ ಓದಿ ಬಂದಿದ್ದರೂ ಮುಕ್ಕಾಲು ಗಂಟೆ ಮಾತಾಡಿದರು. ದುಂಡಮ್ಮನನ್ನು ತೋರಿಸಿ, "ಅಗಲಿದ ಪತಿಯ ಧ್ಯಾನದಲ್ಲೇ ಬದುಕು ಸವೆಸಿದ ಈ ಮಹಾತಾಯಿ" ಎಂದು ಗದ್ಗದರಾದರು. ಮಹಾತಾಯಿ ಕೋಲೂರಿ ಎದ್ದು ಮೈಕಿನ ಬಳಿ ಬಂದಳು. ಆಶೀರ್ವಾದ ಮಾಡುತ್ತಾಳೆಂದು ಎಲ್ಲರೂ ಮೊಬೈಲು ಎತ್ತಿದರು.

"ನಾ ಯಾರ ಹಾದೀನೂ ಕಾಯ್ಕೋತ ಕುಂದರಲಿಲ್ರಿ. ವರ್ಷ ತುಂಬೂದರಾಗ ಉಡಕಿ ಆದೆ. ನಾಕು ಹಡದೆ. ಅದರಾಗ ಒಬ್ಬಾಕಿ ಇವನ ಅವ್ವ. ನಾ ಖಿಡಕಿ ಹಿಡಕೊಂಡು ನಿಂತಿದ್ದರ ಈ ಪುಸ್ತಕ ಬರದಾಂವ ಎಲ್ಲಿಂದ ಬರತಿದ್ದ, ಆಕಾಶದಿಂದ ಉದುರತಿದ್ದನೇನು?"

ಸಭೆ ಗೊಳ್ಳೆಂದಿತು. ಮಾಳಿಂಗರಾಯ ಶಾಲು ಹಿಡಿದುಕೊಂಡು ಅದನ್ನು ಯಾರಿಗೆ ಹೊದಿಸಬೇಕೆಂದು ತಿಳಿಯದೆ ನಿಂತ.

ದುಂಡಮ್ಮ ನಗಲಿಲ್ಲ. "ನಾನೂ ಪ್ರೀತಿ ಮಾಡೀನ್ರಿ" ಎಂದಳು. "ಅರ್ಧ ರೊಟ್ಟಿ ಕೊಟ್ಟಾಂವನ್ನ ಪ್ರೀತಿ ಮಾಡೀನಿ. ಬಂಡಿ ಹೊಡದಾಂವ 'ಯಾರೋ ಒಬ್ಬ' ಅಲ್ಲ. ಅವರ ಹೆಸರ..."

ಅಲ್ಲಿ ಅವಳ ಮಾತು ತಡೆಯಿತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು. ಬದುಕಿನುದ್ದಕ್ಕೂ ಅವಳು ಹೇಳಿದವಳಲ್ಲ, ಅವನು ಸತ್ತ ದಿನ ಅಳುವಾಗಲೂ ಹೇಳಿರಲಿಲ್ಲ. ಕೋಲನ್ನು ಬಿಗಿಹಿಡಿದಳು.

"ಸಿದ್ದಣ್ಣ" ಎಂದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಶಾರದಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ನಿಂತಳು. ಅಪ್ಪನ ಹೆಸರನ್ನು ಅವ್ವನ ದನಿಯಲ್ಲಿ ಅವಳು ಎಂದೂ ಕೇಳಿರಲಿಲ್ಲ.

"ಅವ್ವಾ" ಎಂದಳು ಅಲ್ಲಿಂದಲೇ, "ಇನ್ನೊಂದ ಸಲ ಹೇಳಬೇ."