ದೊರೆಯ ಪರಚು

ನಮ್ಮ ದೊಡ್ಡಮ್ಮನದು ಹೊಲಿಗೆಯಂಗಡಿ. ನಾಲಿಗೆ ಕತ್ತರಿಗಿಂತ ಹರಿತ. ಬಟ್ಟೆ ಬೇಗ ಬೇಕೆಂದವರಿಗೆ, "ಹಾಗಾದ್ರೆ ನೀವೇ ಕೂತು ಹೊಲ್ಕೊಳ್ಳಿ, ಸೂಜಿ ನಾ ಕೊಡ್ತೀನಿ" ಎನ್ನುವಳು. ಆದರೂ ಗಿರಾಕಿಗಳು ತಪ್ಪುತ್ತಿರಲಿಲ್ಲ.

ಅವಳಿಗೆ ತಕ್ಕ ಬೆಕ್ಕು ದೊರೆ. ಮುಟ್ಟಿದರೆ ಪರಚುವುದು, ಎತ್ತಿಕೊಂಡರೆ ಕಚ್ಚುವುದು. ಊಟದ ಹೊತ್ತಿಗೆ ಮಾತ್ರ ನೆಂಟಸ್ತನ. ಅಷ್ಟಾದರೂ ಅದೆಂದರೆ ದೊಡ್ಡಮ್ಮನಿಗೆ ಪ್ರಾಣ.

ಒಂದು ದಿನ ದೊರೆ ತಾನಾಗಿ ಬಂದು ಅವಳ ಮಡಿಲಲ್ಲಿ ಮಲಗಿತು. ಮರುದಿನವೂ ಹಾಗೇ. ನಮಗೆಲ್ಲ ಖುಷಿ. ದೊಡ್ಡಮ್ಮನ ಎದೆ ಮಾತ್ರ ಧಸಕ್ಕೆಂದಿತು.

"ಈ ಮುಂಡೇದು ಒಳ್ಳೇದಾಗಿದೆ ಅಂದ್ರೆ ಏನೋ ಕಾಯಿಲೆನೇ. ನನ್ನ ಬಿಟ್ಟು ಹೋಗುತ್ತೆ," ಎಂದು ಕೆಮ್ಮುತ್ತಲೇ ಕಣ್ಣೊರೆಸಿಕೊಂಡಳು. ಕೆಮ್ಮಿಗೆ ಬಟ್ಟೆಯ ಧೂಳು ಕಾರಣವಂತೆ.

ಅದೇ ವಾರ ಗಿರಾಕಿಯೊಬ್ಬ ಪ್ಯಾಂಟನ್ನು ಮತ್ತೆ ಬಿಚ್ಚಿ ಹೊಲಿಯಿರಿ ಎಂದರೂ ಅವಳು "ಆಯ್ತು" ಎಂದಳು. ದೊಡ್ಡಪ್ಪ ನನ್ನ ಕಿವಿಯಲ್ಲಿ, "ಬೆಕ್ಕಿನ ಪುಣ್ಯ, ಮನೇಲಿ ಶಾಂತಿ ಇದೆ. ಸುಮ್ನಿರು" ಎಂದರು. ಸುಮ್ಮನಿದ್ದೆ.

ದೊರೆಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ನಾನೂ ದೊಡ್ಡಮ್ಮನೂ ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಾಯಿ, ಕಿವಿ, ಹೊಟ್ಟೆ ಎಲ್ಲ ನೋಡಿದರು. ದೊರೆ ಅವರನ್ನು ಚೆನ್ನಾಗಿಯೇ ಪರಚಿತು.

"ಗುಂಡುಕಲ್ಲಿನ ಹಾಗಿದೆ ರೀ."

"ಮತ್ತೆ ನನ್ನ ಮಡಿಲು ಬಿಟ್ಟು ಏಳಲ್ವಲ್ಲ ಡಾಕ್ಟ್ರೇ?"

ಬೆಕ್ಕನ್ನು ವಾಪಸ್ ಕೊಡುವಾಗ ದೊಡ್ಡಮ್ಮನ ಕೈ ತಾಗಿತು. ಡಾಕ್ಟರಮ್ಮ ಆ ಕೈ ಬಿಡಲಿಲ್ಲ.

"ಬೆಕ್ಕಿಗೆ ಬೆಚ್ಚಗಿನ ಜಾಗ ಅಂದ್ರೆ ಇಷ್ಟ. ಅಮ್ಮಾ, ನಿಮಗೆ ಜ್ವರ ಬಂದು ಎಷ್ಟು ದಿನ ಆಯ್ತು?"

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮನೆಯ ಶಾಂತಿಗೆ ಕಾರಣ ಬೆಕ್ಕಲ್ಲ, ಈ ಜ್ವರವಾಗಿತ್ತು.

ಅಲ್ಲಿಂದ ನೇರ ಮನುಷ್ಯರ ಆಸ್ಪತ್ರೆಗೆ ಓಡಿದೆವು. ಶ್ವಾಸಕೋಶದಲ್ಲಿ ಸೋಂಕು, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದು ಅಲ್ಲೇ ಮಲಗಿಸಿಕೊಂಡರು. ದೊಡ್ಡಪ್ಪ ಮಂಚದ ಪಕ್ಕ ಕೂತು, "ಒಂದೇ ಒಂದು ಸಲ ಬಯ್ಯೇ" ಎಂದು ಅಂಗಲಾಚಿದರು. ಅವಳು ಮುಗುಳ್ನಕ್ಕಳಷ್ಟೇ. ನನಗೆ ನಿಜಕ್ಕೂ ಭಯವಾಯಿತು.

ಕೊನೆಗೆ ಜ್ವರ ಇಳಿದು ಮನೆಗೆ ಬಂದಳು. ದೊರೆ ಮಡಿಲು ಹತ್ತಿ, ಮೂಸಿ, ಇಳಿದು ಹೊರಟಿತು. ಹಿಡಿಯಲು ದೊಡ್ಡಮ್ಮ ಚಾಚಿದ ಕೈಗೆ ಸರಕ್ಕನೆ ಒಂದು ಗೆರೆ ಎಳೆಯಿತು. ದೊಡ್ಡಪ್ಪ ಗಾಬರಿಯಾಗಿ ಮುಲಾಮು ತರಲು ಹೊರಗೆ ಓಡಿದರು.

"ಬಾಗಿಲು ಹಾಕ್ಕೊಂಡು ಹೋಗೋಕೆ ಏನ್ರೀ ಧಾಡಿ ನಿಮಗೆ? ನಿಮ್ಮಪ್ಪ ಬಂದು ಹಾಕ್ತಾರಾ?" ಎಂದು ಹಿಂದಿನಿಂದ ಕೂಗು ಬಂತು.

ದೊಡ್ಡಪ್ಪ ಹೊಸ್ತಿಲ ಮೇಲೆಯೇ ಕೂತು ಅತ್ತುಬಿಟ್ಟರು.