ಎಡಗೈಯವರ ಪೆನ್ನು

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಇಂಥವೆಲ್ಲ ಜನರಿಗೆ ಮಧ್ಯರಾತ್ರಿಯಲ್ಲೇ ಯಾಕೆ ಕಾಣುತ್ತವೆ, ನಿದ್ದೆಗಣ್ಣಿಗೆ ಹಗ್ಗವೂ ಹಾವೇ ಎಂದು ಗೇಲಿ ಮಾಡುತ್ತಿದ್ದೆ. ನಾನು ಈಗ ಹೇಳುವುದು ಹೊತ್ತು ಮುಳುಗುವ ಮೊದಲು ನಡೆದದ್ದು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ನಾವು ಜೈನರು, ಬೆಳಕಿರುವಾಗಲೇ ಊಟ ಮುಗಿಸುವವರು. ಆ ಮನುಷ್ಯ ಬಂದಾಗ ನಾನು ಊಟದ ಡಬ್ಬಿ ಬಿಚ್ಚಲು ಕೈ ಹಾಕಿದ್ದೆ.

ಮೂಡಲಗಿಯಲ್ಲಿ ನನ್ನದೊಂದು ಸಣ್ಣ ಅಂಗಡಿ, ನೋಟ್‌ಬುಕ್ಕು ಪೆನ್ನು ಮಾರುವುದು. ಬಾಲ್‌ಪೆನ್ನು ಬಂದು ಶಾಯಿ ಪೆನ್ನುಗಳೆಲ್ಲ ಮನೆಮನೆಯ ಗೋಡೆಗೂಡಿನ ಮೂಲೆ ಸೇರಿದ್ದ ಕಾಲ ಅದು. ಬಿಡುವಿದ್ದಾಗ ಹಳ್ಳಿ ತಿರುಗಿ ಅಂಥ ಪೆನ್ನು ಕೊಂಡು ತರುತ್ತಿದ್ದೆ. ಕೆಲವನ್ನು ಇಟ್ಟುಕೊಳ್ಳುತ್ತಿದ್ದೆ, ಉಳಿದವನ್ನು ತೊಳೆದು ರಿಪೇರಿ ಮಾಡಿ ಮಾರುತ್ತಿದ್ದೆ. ಇದು ಯಾರದು ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಮನೆಯವರಿಗೆ ನೆನಪು ಬರುತ್ತದೆ, ನೆನಪು ಬಂದರೆ ಪೆನ್ನು ಕೈಗೆ ಬರುವುದಿಲ್ಲ. ಹುಚ್ಚಿನ ಜೊತೆಗೆ ವ್ಯಾಪಾರಿ ಬುದ್ಧಿಯೂ ಇತ್ತು, ಒಪ್ಪಿಕೊಳ್ಳುತ್ತೇನೆ.

ಘೋಡಗೇರಿಯ ಒಂದು ಒಕ್ಕಲುತನದ ಮನೆಯಲ್ಲಿ ಹೀಗೇ ಒಂದು ಡಬ್ಬಿ ಪೆನ್ನು ಸಿಕ್ಕಿತು. ತಂದು ಕೊಟ್ಟವರು ಆ ಮನೆಯ ಗಂಡಸು. ಹಣೆತುಂಬ ಕುಂಕುಮವಿಟ್ಟ ಒಬ್ಬ ಹೆಣ್ಣುಮಗಳು ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಡಬ್ಬಿಯಲ್ಲಿ ಒಂದು ಕಡುಹಸಿರು ಪೆನ್ನಿತ್ತು. ಅದರ ನಿಬ್ಬು ಒಂದು ಮಗ್ಗುಲಿಗೆ ಸವೆದಿತ್ತು. ಬಹಳ ವರ್ಷ ಒಬ್ಬರೇ ಬರೆದರೆ ನಿಬ್ಬು ಅವರ ಕೈಗೆ ತಕ್ಕಂತೆ ಸವೆಯುತ್ತದೆ. ಈ ಸವೆತ ನೋಡಿದರೆ ಎಡಗೈಯವರದು. ಕಲ್ಲಿಗೆ ಉಜ್ಜಿ ಸರಿಮಾಡಬೇಕಿತ್ತು, ಪುರಸೊತ್ತಾಗಲಿಲ್ಲ.

ಆ ವಾರವೇ ಗೋಕಾಕದ ಒಂದು ಕಲ್ಯಾಣ ಮಂಟಪದಲ್ಲಿ ಸಂಗ್ರಹಕಾರರ ಪ್ರದರ್ಶನವಿತ್ತು. ಹಳೆಯ ನಾಣ್ಯ, ಅಂಚೆಚೀಟಿ, ಪೆನ್ನು, ಎಲ್ಲ ಒಂದೇ ಕಡೆ. ನನ್ನ ಟೇಬಲ್ಲಿನ ಮೇಲೆ ಶಾಯಿ ಬಾಟಲಿ ಮತ್ತು ಬರೆದು ನೋಡಲು ಒಂದು ಪ್ಯಾಡು. ಹೊಸ ಪೆನ್ನು ಕೈಗೆ ಬಂದರೆ ನಮ್ಮ ಜನ ಬರೆಯುವುದು ಎರಡೇ: ಇಲ್ಲ ಶ್ರೀ, ಇಲ್ಲ ತಮ್ಮ ಸಹಿ. ಅವತ್ತು ಹಸಿರು ಪೆನ್ನು ಯಾರ ಕೈಯಲ್ಲೂ ಒಂದು ಶ್ರೀ ಕೂಡ ಸರಿಯಾಗಿ ಬರೆಯಲಿಲ್ಲ. ಕಾಗದ ಕೆರೆಯಿತು, ಶಾಯಿ ಕಾರಿತು. ಎಲ್ಲರೂ ಇಟ್ಟು ಹೋದರು.

ಸಂಜೆ ಜನ ಕಡಿಮೆಯಾಗಿದ್ದರು. ಬಾಜೂ ಟೇಬಲ್ಲಿನವರು ಚಹಾಕ್ಕೆ ಹೋಗಿದ್ದರು. ಆಗ ಬಂದವರಿಗೆ ನಲವತ್ತರ ಆಸುಪಾಸು ವಯಸ್ಸು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲು. ಬೇರೆ ಯಾವುದನ್ನೂ ಮುಟ್ಟದೆ ಹಸಿರು ಪೆನ್ನನ್ನೇ ಎಡಗೈಗೆ ತೆಗೆದುಕೊಂಡು ಶಾಯಿಗೆ ಅದ್ದಿ ಬರೆಯತೊಡಗಿದರು. ಪೆನ್ನು ಒಂದಿಷ್ಟೂ ಸದ್ದು ಮಾಡಲಿಲ್ಲ. ಒಂದರ ಕೆಳಗೊಂದು ಹೆಸರು ಬರೆದರು: ಬಾಳಪ್ಪ, ಸತ್ಯವ್ವ, ಕಾಶಿಮ, ಲಗಮಣ್ಣ. ಪೆನ್ನು ಎಲ್ಲಿ ಸಿಕ್ಕಿತು ಎಂದು ಕೇಳಿದರು. ಘೋಡಗೇರಿಯಲ್ಲಿ ಎಂದೆ.

"ಮನ್ಯಾಗಿನ ಹೆಣ್ಮಗಳು ತಾನ ಕೊಟ್ಲೇನ್ರಿ?"

ಕದ್ದ ಮಾಲು ಅಂದುಕೊಂಡಾರು ಎಂದು ನಾನು ಹಿಂದೆಮುಂದೆ ನೋಡದೆ ಹೂಂ ಎಂದುಬಿಟ್ಟೆ. ಅವರು ಪೆನ್ನಿಗೆ ಅದರ ಟೋಪಿ ಹಾಕಿ ನನ್ನ ಮುಂದಿಟ್ಟು ಹೊರಟರು. ಆ ನಿಬ್ಬು ಎಡಗೈಯವರದೆಂಬುದು ನನಗೆ ಆಗ ನೆನಪಾಯಿತು. ಎದ್ದು ಬಾಗಿಲಿಗೆ ಹೋದೆ. ಬೀದಿಯಲ್ಲಿ ಸಂತೆಯಷ್ಟು ಜನ, ನೋಡಿದವರೆಲ್ಲ ಬಿಳಿ ಅಂಗಿಯವರೇ. ತಿರುಗಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು, ಅವತ್ತು ಉಪವಾಸವಾಯಿತು. ನಿದ್ದೆಯೂ ಬರಲಿಲ್ಲ. ಒಂದು ಪೆನ್ನಿಗೆ ಇಷ್ಟು ತಳಮಳವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಪ್ರದರ್ಶನ ಬಿಟ್ಟು, ಪೆನ್ನು ಮತ್ತು ಪ್ಯಾಡಿನ ಆ ಹಾಳೆ ಹಿಡಿದುಕೊಂಡು ಘೋಡಗೇರಿಗೆ ಹೋದೆ. ಡಬ್ಬಿ ಕೊಟ್ಟಿದ್ದವರೇ ಕಟ್ಟೆಯ ಮೇಲಿದ್ದರು. ಇದು ಯಾರ ಪೆನ್ನು ಎಂದು ಜೀವಮಾನದಲ್ಲಿ ಮೊದಲ ಸಲ ಕೇಳಿದೆ. ಅವರ ಅಣ್ಣನದಂತೆ. ಊರ ಸಾಲಿಯ ಮಾಸ್ತರರು. ಒಂದು ಬೆಳಿಗ್ಗೆ ಮನೆ ಬಿಟ್ಟವರು ತಿರುಗಿ ಬರಲಿಲ್ಲ. ಧುಪದಾಳದ ಒಡ್ಡಿನವರೆಗೂ ಹೊಳೆ ಹುಡುಕಿಸಿದ್ದರು, ಏನೂ ಸಿಕ್ಕಿರಲಿಲ್ಲ. ಬರುವ ಅಮಾವಾಸ್ಯೆಗೆ ಹನ್ನೆರಡು ವರ್ಷ. ಇನ್ನು ಅವರು ಇಲ್ಲವೆಂದೇ ತಿಳಿದು ಕಾರ್ಯ ಮಾಡುವುದು, ಅತ್ತಿಗೆಯ ಕುಂಕುಮ ತೆಗೆಸುವುದು ಎಂದು ಹಿರಿಯರು ಗೊತ್ತುಮಾಡಿದ್ದರು. ಅದಕ್ಕೇ ಅವರ ಸಾಮಾನು ಒಂದೊಂದಾಗಿ ಹೊರಗೆ ಹೋಗುತ್ತಿತ್ತು. ಅತ್ತಿಗೆಯನ್ನು ಯಾರೂ ಕೇಳಿರಲಿಲ್ಲ.

ನಿನ್ನೆ ಗೋಕಾಕದಲ್ಲಿ ಒಬ್ಬರು ಈ ಪೆನ್ನಿನಿಂದ ಬರೆದದ್ದು ಎಂದು ನಾನು ಹಾಳೆ ಕೊಟ್ಟೆ. ಅವರು ಓದಿ, ಮೊದಲ ಹೆಸರಿನ ಮೇಲೆ ಬೆರಳಿಟ್ಟರು.

"ಬಾಳ್ಯಾ ನನ್ನ ಮಗಾ ರೀ. ಅಣ್ಣ ಹೋದ ವರ್ಷ ಒಂದನೇ ಕ್ಲಾಸಿನ್ಯಾಗ ಇದ್ದ. ಇದು ಆವಾಗಿನ ಹಾಜರಿ."

ಅವತ್ತು ಒಳಬಾಗಿಲಲ್ಲಿ ನಿಂತಿದ್ದ ಮಾಸ್ತರರ ಹೆಂಡತಿ ಹೊರಗೆ ಬಂದರು. ಅವರಿಗೆ ಓದು ಬರುವುದಿಲ್ಲ, ಆದರೆ ಆ ಅಕ್ಷರ ಗುರುತಿಸಲು ಓದು ಬೇಕಿರಲಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತರು. ಅವರ ತಲೆಯ ಮೇಲೆ ಗೋಡೆಯಲ್ಲಿ ಮಾಸ್ತರರ ಒಂದು ಫೋಟೋ ಇತ್ತು, ಅವರು ಮನೆ ಬಿಟ್ಟ ವರ್ಷ ತೆಗೆಸಿದ್ದು. ನಾನು ಅದನ್ನು ಆಗ ನೋಡಿದೆ. ಅದೇ ಮುಖ, ಹಾಗೇ ಬಾಚಿದ ಅದೇ ಕಪ್ಪು ಕೂದಲು. ಹಿಂದಿನ ದಿನ ನನ್ನ ಮುಂದೆ ನಿಂತವರು ಆ ಫೋಟೋಕ್ಕಿಂತ ಒಂದು ದಿನವೂ ದೊಡ್ಡವರಾಗಿರಲಿಲ್ಲ.

ಆ ಹೆಣ್ಣುಮಗಳು ತಲೆಯೆತ್ತಿ ನನ್ನನ್ನು ಒಂದೇ ಮಾತು ಕೇಳಿದರು.

"ತಲಿಗೂದಲ ಬೆಳ್ಳಗ ಆಗ್ಯಾವೇನ್ರಿ ಅಣ್ಣಾರ?"

"ಹೌದ್ರಿ ಅಕ್ಕಾರ, ಪೂರಾ ಬೆಳ್ಳಗ ಆಗ್ಯಾವ," ಎಂದೆ.

ಪೆನ್ನು ಅವರ ಕೈಗಿಟ್ಟು ಬಂದೆ. ಅಮಾವಾಸ್ಯೆಯ ಕಾರ್ಯ ನಡೆಯಲಿಲ್ಲ. ಘೋಡಗೇರಿಯವರು ಅಂಗಡಿಗೆ ಬಂದಾಗ ವಿಚಾರಿಸುತ್ತೇನೆ. ಕುಂಕುಮ ಇನ್ನೂ ಇದೆಯಂತೆ, ಪೆನ್ನು ಒಣಗದಂತೆ ಶಾಯಿ ತುಂಬಿಸಿ ಇಡುತ್ತಾರಂತೆ. ಮಾಸ್ತರರು ಮಾತ್ರ ಬಂದಿಲ್ಲ. ಎರಡು ಸುಳ್ಳಿನಲ್ಲಿ ಎರಡನೆಯದು ನನ್ನನ್ನು ಅಷ್ಟು ಕಾಡುವುದಿಲ್ಲ. ಮೊದಲನೆಯದು ಕಾಡುತ್ತದೆ. ಅವತ್ತು ಇಲ್ಲ, ಅವರು ಕೊಡಲಿಲ್ಲ ಎಂದಿದ್ದರೆ ಆ ಮನುಷ್ಯ ಎತ್ತ ಹೋಗುತ್ತಿದ್ದರು?

ನಾನು ಕಂಡದ್ದು ಯಾರನ್ನು, ಈಗಲೂ ಹೇಳಲಾರೆ. ಅಂಗಡಿಯಲ್ಲಿ ಯಾರಾದರೂ ಎಡಗೈಗೆ ಪೆನ್ನು ತೆಗೆದುಕೊಂಡರೆ ಮಾತ್ರ, ಮುಖಕ್ಕಿಂತ ಮೊದಲು ಅವರ ಕೂದಲು ನೋಡುತ್ತೇನೆ.