ಹುಳಿಹಿಟ್ಟಿನ ನೆಪ

ನನ್ನ ಸೋದರಮಾವ ಬದುಕಿನಲ್ಲಿ ಯಾವುದನ್ನೂ ಎರಡು ಸಲ ಕೇಳಿದವರಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಒಂದೇ ಸಲ ಕೇಳುತ್ತಾರೆ. ಅತ್ತೆಗೆ ಕೇಳಿಸಲಿಲ್ಲವೋ, ಸಪ್ಪೆಯನ್ನೇ ತಿಂದು ಕೈ ತೊಳೆಯುತ್ತಾರೆ. ಆಮೇಲೆ ಅತ್ತೆಗೆ ಗೊತ್ತಾಗಿ, "ಇನ್ನೊಂದ್ಸಲ ಬಾಯಿ ಬಿಟ್ಟಿದ್ರೆ ಮುತ್ತು ಉದುರಿ ಹೋಗ್ತಿತ್ತಾ?" ಎಂದು ರೇಗುತ್ತಾರೆ. ಮದುವೆಯಾಗುತ್ತೀಯಾ ಎಂದು ಅತ್ತೆಯನ್ನು ಕೇಳಿದ್ದೂ ಒಂದೇ ಸಲವಂತೆ. ಅತ್ತೆ ಯೋಚಿಸಿ ಹೇಳುತ್ತೇನೆ ಎಂದರು. ಈ ಮಹಾನುಭಾವ ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಕೊನೆಗೆ ಅತ್ತೆಯೇ ಬೇಕರಿಗೆ ಹೋಗಿ, "ನನ್ನ ಉತ್ತರ ನಿಮಗೆ ಬೇಕೋ ಬೇಡ್ವೋ?" ಎಂದು ಜಗಳ ತೆಗೆಯಬೇಕಾಯಿತು.

ಬೇಕರಿ ಎಂದೆನಲ್ಲ, ಮೀಸೆ ಸರಿಯಾಗಿ ಮೂಡುವ ಮೊದಲೇ ಅಲ್ಲಿಗೆ ಸೇರಿದವರು ತಲೆ ನರೆಯುವವರೆಗೂ ಅಲ್ಲೇ ಬ್ರೆಡ್ ಸುಟ್ಟರು. ಮೂಲೆಯಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಒಲೆ, ಒಲೆಯ ಪಕ್ಕದಲ್ಲಿ ಉದ್ದ ಹಿಡಿಯ ಮರದ ಹಲಗೆ ಹಿಡಿದ ಮಾವ. ಗಿರಾಕಿಗಳು ಕಪಾಟಿನ ಆಚೆಯಿಂದ ಕತ್ತು ಚಾಚಿ "ಆಯ್ತಾ? ಆಯ್ತಾ?" ಎಂದು ಕೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಒಲೆ ಬಾಗಿಲು ತೆಗೆದು ತೆಗೆದು ನೋಡಿದ್ರೆ ಬ್ರೆಡ್ ಕುಗ್ಗಿ ಹೋಗುತ್ತೆ. ಬೆಂದ ಮೇಲೆ ನಾನೇ ಕೊಡಲ್ವಾ?" ಎನ್ನುತ್ತಿದ್ದರು. ಅವರ ಜೀವನದ ತತ್ವವೆಲ್ಲ ಇಷ್ಟೇ. ಜಗತ್ತಿನ ಜನರೆಲ್ಲ ಬೆಂದ ಮೇಲೆ ತಾವಾಗಿಯೇ ಕೊಡುವವರು ಎಂದು ನಂಬಿದ್ದರು, ಪಾಪ.

ಬೇಕರಿ ಯಜಮಾನರಿಗೆ ವಯಸ್ಸಾಯಿತು, ಅಂಗಡಿ ಮಾರಿದರು. ಈಗ ಅಲ್ಲಿ ಕನ್ನಡಕ ಮಾರುತ್ತಾರೆ. ಕೊನೆಯ ದಿನ ಯಜಮಾನರು ನೆನಪಿಗೆ ಏನಾದರೂ ತೆಗೆದುಕೋ ಎಂದಾಗ ಮಾವ ಹೊತ್ತು ತಂದದ್ದು ಒಂದೇ ಒಂದು ದೊಡ್ಡ ಗಾಜಿನ ಭರಣಿ. ಅದರೊಳಗೆ ಹುಳಿಹಿಟ್ಟು. ಹಿಟ್ಟು ನೀರು ಕಲಸಿ ಹುಳಿ ಬರಲು ಬಿಟ್ಟದ್ದು. ಅದನ್ನು ಬೆರೆಸಿದರೇನೇ ಬ್ರೆಡ್ ಉಬ್ಬುವುದು. ದಿನಾ ಒಂದು ಹಿಡಿ ಹೊಸ ಹಿಟ್ಟು, ಚೂರು ನೀರು ಹಾಕುತ್ತ ಬಂದರೆ ವರ್ಷಗಟ್ಟಲೆ ಬದುಕಿರುತ್ತದೆ, ಮರೆತರೆ ಸಾಯುತ್ತದೆ. "ನನ್ನ ಹುಟ್ಟಿದ ದಿನ ಇವರಿಗೆ ಯಾವತ್ತೂ ನೆನಪಿರಲ್ಲ, ಅದರ ಊಟದ ಹೊತ್ತು ಮಾತ್ರ ತಪ್ಪಲ್ಲ," ಎಂದು ಅತ್ತೆ ಭರಣಿಯನ್ನು ಸವತಿಯ ಹಾಗೆ ನೋಡುತ್ತಿದ್ದರು.

ಕೆಲಸವಿಲ್ಲದ ಮಾವ ಮನೆಯಲ್ಲಿದ್ದರೆ ಹೇಗಿರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವಳು. ನನ್ನ ಆಫೀಸು ಅದೇ ಊರಿನಲ್ಲಿದ್ದುದರಿಂದ ಅವರ ಮನೆಯ ಮಹಡಿಯ ಕೋಣೆಯಲ್ಲೇ ನನ್ನ ವಾಸ. ಮಾವ ಬೆಳಗಾಗುವ ಮೊದಲೇ ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಬಿಡುತ್ತಿದ್ದರು. ಅತ್ತೆ ಚಹಾಕ್ಕೆ ಸಕ್ಕರೆ ಹಾಕಲು ಹೋಗಿ ಉಪ್ಪು ಹಾಕುತ್ತಿದ್ದರು. ಮಾವ ಇಡೀ ದಿನ ಕೈಗೆ ಕಾಲಿಗೆ ಅಡ್ಡ ಸಿಗುತ್ತಿದ್ದರು. ಇದನ್ನೆಲ್ಲ ಹೇಳಿಕೊಂಡು ನಾವು ನಗುತ್ತಿದ್ದೆವು. ಆದರೆ ಚಹಾ ಕುಡಿಯುತ್ತ ಕೂತಾಗ ಅವರು ತಮಗೇ ಗೊತ್ತಿಲ್ಲದೆ ಅಂಗೈ ಬುಡದಿಂದ ಮೇಜನ್ನು ಒತ್ತುತ್ತಿದ್ದರು, ಹಿಟ್ಟು ನಾದುವ ಹಾಗೆ. ಅದನ್ನು ನೋಡಿದಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಅಡುಗೆಮನೆಗೆ ಬ್ರೆಡ್ ಮಾಡುವವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಹೊರಗಿನಿಂದ ತರಿಸುವ ಬ್ರೆಡ್ ಒಣಗಿ ಮರದ ಹೊಟ್ಟಿನಂತಿರುತ್ತದೆ ಎಂದು ರೋಗಿಗಳು ದೂರಿದ್ದರಂತೆ. ಹೊಸ ಒಲೆಯನ್ನೇ ತರಿಸಿದ್ದರು. ಸಂದರ್ಶನವೆಂದರೆ ಅಲ್ಲಿ ಪ್ರಶ್ನೆ ಗಿಶ್ನೆ ಏನಿಲ್ಲ, ಬ್ರೆಡ್ ಮಾಡಿ ತೋರಿಸಬೇಕು. ಮಾವ ಭರಣಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಅಡುಗೆಮನೆಯ ಮುಖ್ಯಸ್ಥೆ ಒಬ್ಬ ಮೇಡಂ. ಬಿಸಿ ಬ್ರೆಡ್ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿ ತಿಂದರಂತೆ. "ನಾಳೆ ಸಂಜೆಗೂ ಇಷ್ಟೇ ಮೆತ್ತಗಿರುತ್ತಾ?" ಎಂದು ಕೇಳಿದರಂತೆ. "ಇರುತ್ತೆ. ಆದ್ರೆ ಹುಳಿಹಿಟ್ಟು ಹೊಸ ಜಾಗಕ್ಕೆ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು," ಎಂದರಂತೆ ಮಾವ. "ಸರಿ, ಆಫೀಸಿನವರು ನಿಮಗೆ ತಿಳಿಸ್ತಾರೆ," ಎಂದರಂತೆ ಅವರು.

ಮಾವ ಬರಿಗೈಯಲ್ಲಿ ಮನೆಗೆ ಬಂದರು.

"ಭರಣಿ ಎಲ್ಲಿ?" ಎಂದರು ಅತ್ತೆ.

"ಅಲ್ಲೇ ಇಟ್ಟು ಬಂದೆ. ಒಲೆ ಪಕ್ಕ ಒಳ್ಳೆ ಜಾಗ ಇದೆ."

"ಕೆಲಸ ಸಿಕ್ತು ಅಂದ್ರಾ?"

"ತಿಳಿಸ್ತೀವಿ ಅಂದ್ರು."

ಇಲ್ಲಿಂದ ನನ್ನ ಅಧಿಕಾರ ಶುರು. ನನ್ನ ಆಫೀಸಿನಲ್ಲಿ ನನ್ನ ಕೆಲಸವೇ ಅರ್ಜಿಗಳನ್ನು ನೋಡಿ ಜನರನ್ನು ಸಂದರ್ಶನಕ್ಕೆ ಕರೆಯುವುದು. ಸಂದರ್ಶನ ಮುಗಿದ ಮೇಲೆ ಫೋನ್ ಮಾಡಿ, ಮರ್ಯಾದೆಯಾಗಿ ವಿಚಾರಿಸುವವರ ಮುಖ ನಮಗೆ ನೆನಪಿರುತ್ತದೆ. ಉಳಿದವರು ಕಡತದಡಿ ಸೇರಿಹೋಗುತ್ತಾರೆ. ಇದನ್ನು ಮಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಎರಡು ದಿನ ಕಳೆದರೂ ಕರೆ ಬರಲಿಲ್ಲ. ನಾನೇ ಕೂತು ಅವರ ಹೆಸರಿನಲ್ಲಿ ಒಂದು ಸಂದೇಶ ಬರೆದು ಓದಿದೆ. "ತಮ್ಮ ಅಮೂಲ್ಯ ಸಮಯವನ್ನು ನೀಡಿ ನನ್ನನ್ನು ಸಂದರ್ಶಿಸಿದ್ದಕ್ಕೆ" ಎಂದು ಶುರುವಾಗುತ್ತಿತ್ತು.

"ಅವರ ಸಮಯ ಅಮೂಲ್ಯ ಅಂತ ಗೊತ್ತಿದ್ದೂ ಇಷ್ಟುದ್ದ ಬರೆದಿದೀಯಲ್ಲೇ, ಆಫೀಸಮ್ಮ," ಎಂದರು ಮಾವ.

"ಹಾಗಾದ್ರೆ ಫೋನ್ ಮಾಡಿ. ಎರಡೇ ಮಾತು."

"ತಿಳಿಸ್ತೀವಿ ಅಂದಿದಾರೆ. ತಿಳಿಸ್ತಾರೆ."

"ಅವರಿಗೆ ನೀವೊಬ್ಬರೇನಾ ಮಾವ? ಮರೆತಿರ್ತಾರೆ!"

"ಮರೆಯೋ ಹಾಗಿದ್ರೆ ಅದು ನನ್ನ ಬ್ರೆಡ್ಡಿನ ತಪ್ಪು," ಎಂದು ಚಪ್ಪಲಿ ಮೆಟ್ಟಿಕೊಂಡರು. "ನಾನು ಆಸ್ಪತ್ರೆ ಕಡೆ ಹೋಗಿ ಬರ್ತೀನಿ. ಹುಳಿಹಿಟ್ಟಿಗೆ ಹಿಟ್ಟು ಹಾಕಬೇಕು."

ಸಂದರ್ಶನದ ಮರುದಿನದಿಂದಲೇ ಇದು ನಡೆದಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗುವುದು, ಭರಣಿಗೆ ಹಿಟ್ಟು ನೀರು ಹಾಕುವುದು, ಕಲಕಿ ಮೂಸಿ ನೋಡುವುದು, ಹೊಸ ಒಲೆಯನ್ನು ಒಮ್ಮೆ ಆಸೆಯಿಂದ ನೋಡುವುದು, ಬಂದ ದಾರಿಯಲ್ಲೇ ವಾಪಸಾಗುವುದು. ಪಾತ್ರೆ ತೊಳೆಯುವ ಅಕ್ಕ ಇವರಿಗೆ ಬಾಗಿಲು ತೆಗೆಯುತ್ತಿದ್ದಳು. ನಾಲ್ಕೇ ದಿನಕ್ಕೆ "ಬ್ರೆಡ್ಡಣ್ಣ" ಎಂದು ಕರೆಯತೊಡಗಿದಳಂತೆ. ಮೇಡಂ ಎಂದಾದರೂ ಎದುರು ಸಿಕ್ಕರೆ, "ಹೇಗಿದೆ ನಿಮ್ಮ ಹಿಟ್ಟು?" ಎಂದು ಕೇಳುತ್ತಿದ್ದರಂತೆ. "ಚೆನ್ನಾಗಿದೆ ಮೇಡಂ," ಎನ್ನುತ್ತಿದ್ದರಂತೆ ಇವರು. ಮಾತು ಅಲ್ಲಿಗೆ ಮುಗಿಯುತ್ತಿತ್ತು!

"ಅಯ್ಯೋ ದೇವರೇ, ಅಷ್ಟು ಹತ್ತಿರ ನಿಂತಿರ್ತಾರೆ, ಕೆಲಸದ ವಿಷಯ ಏನಾಯ್ತು ಅಂತ ಒಂದು ಮಾತು ಕೇಳೋಕೆ ಏನು ಧಾಡಿ?" ಎಂದು ಅತ್ತೆ ತಲೆ ತಲೆ ಚಚ್ಚಿಕೊಂಡರು.

ನನಗೂ ಸಿಟ್ಟು ಬರುತ್ತಿತ್ತು. ಆದರೆ ಒಂದು ವಿಷಯ ಅರ್ಥವಾಗಿತ್ತು. ಹುಳಿಹಿಟ್ಟನ್ನು ಮನೆಗೆ ತಂದು ಸಾಕುವುದು ಅವರಿಗೆ ಕಷ್ಟವೇನಾಗಿರಲಿಲ್ಲ. ತಂದುಬಿಟ್ಟರೆ ಕೆಲಸ ಸಿಗಲಿಲ್ಲ ಎಂದು ತಾವೇ ಒಪ್ಪಿಕೊಂಡ ಹಾಗೆ. ಅಲ್ಲಿ ಬಿಟ್ಟಿದ್ದರೆ ದಿನಾ ಹೋಗಲು ಒಂದು ನೆಪ. ಕೇಳಲಾರದ ಮನುಷ್ಯ ಕೇಳುತ್ತಿದ್ದುದು ಹಾಗೆ. ಎದುರಿನವರಿಗೆ ಅದು ಕೇಳಿಸಬೇಕಲ್ಲ!

ಎರಡು ವಾರ ಮೀರಿತು, ಕ್ಯಾಲೆಂಡರಿನಲ್ಲಿ ತಿಂಗಳೂ ಬದಲಾಯಿತು. ಎದುರು ಮನೆಯ ಲಾರಿ ಡ್ರೈವರ್ ಒಳ್ಳೆಯ ಮನುಷ್ಯ. ತಾನು ಸರಕು ಹೇರುವ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಎಣಿಸಿ ಒಳಗಿಡಿಸುವ ಕೆಲಸವೊಂದನ್ನು ಮಾವನಿಗಾಗಿ ಮಾತಾಡಿಕೊಂಡು ಬಂದ. ಸೋಮವಾರ ಸೇರಬೇಕು, ಇಲ್ಲದಿದ್ದರೆ ಬೇರೆಯವರ ಪಾಲು. ಮಾವ ಆ ರಾತ್ರಿ ಊಟದ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದರು.

"ಸೋಮವಾರ ಬರ್ತೀನಿ ಅಂತ ಹೇಳಿಬಿಟ್ಟೆ," ಎಂದರು. "ಮನೇಲಿ ಕೂತು ನಿಮ್ಮ ತಲೆ ತಿನ್ನೋದಕ್ಕಿಂತ ಮೇಲು."

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಎದ್ದು ಹೋಗಿ ಮಾವನ ಲೋಟಕ್ಕೆ ನೀರು ತುಂಬಿಸಿ ತಂದಿಟ್ಟರು. ಅದನ್ನು ಕಂಡು ನನಗೆ ನಿಜಕ್ಕೂ ದುಃಖವಾಯಿತು. ಬ್ರೆಡ್ಡಿನ ವಾಸನೆ ಇಲ್ಲದ ಮಾವನನ್ನು ನನ್ನ ಕೈಲಿ ಊಹಿಸಿಕೊಳ್ಳಲೂ ಆಗಲಿಲ್ಲ.

ಶನಿವಾರ ಅವರು ಖಾಲಿ ಚೀಲ ಹಿಡಿದು ಹೊರಟರು, ಭರಣಿಯನ್ನು ಮನೆಗೆ ತರಲು. ನನಗೆ ರಜೆ. ನಾನೂ ಹಿಂದೆ ಬಿದ್ದೆ. ಇವತ್ತು ಆ ಮೇಡಂ ಎದುರು ಸಿಗಲಿ, ನೀರಿಳಿಸಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಮಸೆಯುತ್ತಿದ್ದೆ. ತೆಗೆದುಕೊಳ್ಳುವುದಿದ್ದರೆ ತೆಗೆದುಕೊಳ್ಳಿ, ಇಲ್ಲವಾದರೆ ಇಲ್ಲವೆನ್ನಿ, ವಯಸ್ಸಾದವರನ್ನು ಹೀಗೆ ತೂಗುಹಾಕುವುದು ಯಾವ ನ್ಯಾಯ?

ಪಾತ್ರೆ ಅಕ್ಕ ಬಾಗಿಲು ತೆಗೆದಳು. ಒಳಗೆ ಹಬೆ, ಸ್ಟೀಲಿನ ಪಾತ್ರೆಗಳ ಸದ್ದು, ಊಟದ ತಟ್ಟೆಗಳನ್ನು ಹೊತ್ತ ಚಕ್ರದ ಗಾಡಿಗಳು ಸಾಲಾಗಿ ಹೊರಟಿದ್ದವು. ಹೊಸ ಒಲೆ ಒಂದು ಮೂಲೆಯಲ್ಲಿ ಫಳಫಳ ಹೊಳೆಯುತ್ತ ತಣ್ಣಗೆ ನಿಂತಿತ್ತು. ಮಾವ ಅದರ ಪಕ್ಕದ ಹಲಗೆಯಿಂದ ಭರಣಿ ಇಳಿಸಿ, ಒರೆಸಿ, ಟವೆಲಿನಲ್ಲಿ ಸುತ್ತತೊಡಗಿದರು.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀರಿ?"

ಬಿಳಿ ಕೋಟು, ತಲೆಗೆ ಬಲೆ ಟೋಪಿ. ಮೇಡಂ ಎಂದು ನೋಡಿದೊಡನೆ ತಿಳಿಯಿತು. ಮುಖ ಗಂಟಿಕ್ಕಿತ್ತು.

"ಮನೆಗೆ, ಮೇಡಂ," ಎಂದರು ಮಾವ.

"ಅಂದ್ರೆ ಕೆಲಸ ಬಿಡ್ತಿದೀರಾ? ಮೊದಲೇ ಹೇಳಬಾರದಿತ್ತಾ?"

ಮಾವ ಭರಣಿ ಹಿಡಿದುಕೊಂಡು ಹಾಗೇ ನಿಂತರು. "ಯಾವ ಕೆಲಸ?"

"ಯಾವ ಕೆಲಸ ಅಂದ್ರೆ?" ಮೇಡಂ ನನ್ನ ಕಡೆ ತಿರುಗಿದರು. "ನೀವು ಇವರ ಮನೆಯವರಾ? ನೀವೇ ಹೇಳಮ್ಮ. ಸೇರಿ ಎರಡು ವಾರದ ಮೇಲಾಯ್ತು. ದಿನಾ ಬರ್ತಾರೆ, ಹಿಟ್ಟು ಕಲಕ್ತಾರೆ, ಹೋಗ್ತಾರೆ. ಹೊಂದಿಕೊಳ್ಳೋಕೆ ದಿನ ಬೇಕು ಅಂದಿದ್ರು, ಸರಿ ಅಂತ ಸುಮ್ಮನಿದ್ದೆ. ಕಸುಬು ಗೊತ್ತಿರೋರನ್ನ ಪದೇ ಪದೇ ಕೇಳಬಾರದು ಅಂತ. ಆದ್ರೂ ಒಂದು ಮಿತಿ ಬೇಡ್ವಾ? ರೋಗಿಗಳು ನನ್ನ ಪ್ರಾಣ ತಿಂತಿದಾರೆ!"

ನಾನು ಮಸೆದುಕೊಂಡು ಬಂದಿದ್ದ ಮಾತೆಲ್ಲ ಮರೆತೇಹೋಯಿತು. "ಮೇಡಂ, ಕೆಲಸ ಸಿಕ್ಕಿದೆ ಅಂತ ಇವರಿಗೆ ಯಾರೂ ಹೇಳೇ ಇಲ್ಲ," ಎಂದೆ.

"ಆಫೀಸಿನವರು ಅವತ್ತೇ ಫೋನ್ ಮಾಡಿದ್ರು. ಯಾರೂ ಎತ್ತಲಿಲ್ಲವಂತೆ. ಮರುದಿನ ಬೆಳಿಗ್ಗೆ ಇವರೇ ಬಂದು ಒಲೆ ಹತ್ರ ನಿಂತಿದ್ರು, ವಿಷಯ ತಲುಪಿದೆ ಅಂದ್ಕೊಂಡ್ವಿ."

"ಯಾವ ನಂಬರಿಗೆ ಮಾಡಿದ್ರು?"

ಮಾವ ಸಣ್ಣ ದನಿಯಲ್ಲಿ, "ಬೇಕರಿದು ಕೊಟ್ಟಿದ್ದೆ," ಎಂದರು. "ನನಗೆ ಬಾಯಿಪಾಠ ಬರೋದು ಅದೊಂದೇ."

ಬೇಕರಿ ಮಾರಿದ ದಿನವೇ ಆ ಫೋನಿನ ತಂತಿ ಕಿತ್ತುಹಾಕಿದ್ದರು. ಪಾತ್ರೆ ಅಕ್ಕ ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮೇಡಂಗೂ ನಗು ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ಕೂತು, "ನಾನು ನೀವು ಹೇಳ್ತೀರಿ ಅಂತ, ನೀವು ನಾನು ಹೇಳ್ತೀನಿ ಅಂತ! ಒಳ್ಳೆ ಜೋಡಿ ಸೇರಿದ್ವಲ್ಲ," ಎಂದರು.

ಮಾವ ಮಾತ್ರ ನಗಲಿಲ್ಲ. ಭರಣಿಯನ್ನು ಮೆಲ್ಲಗೆ ಹಲಗೆಯ ಮೇಲೆ ವಾಪಸಿಟ್ಟರು. ಟವೆಲು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕಣ್ಣು ಕೆಂಪಾಗಿತ್ತು. ಅವರ ಕಣ್ಣಿನಲ್ಲಿ ನೀರು ನೋಡಿದ್ದು ನನಗೆ ಅದೇ ಮೊದಲು; ನಾನೂ ಒಲೆಯ ಕಡೆ ಮುಖ ತಿರುಗಿಸಿ ನಿಂತೆ. ಆಮೇಲೆ ಅವರು ಅಂಗಿಯ ತೋಳು ಮಡಚಿ ಮೊಣಕೈವರೆಗೂ ಕೈ ತೊಳೆದರು. "ಹಿಟ್ಟಿನ ಮೂಟೆ ಎಲ್ಲಿದೆ?" ಎಂದು ಪಾತ್ರೆ ಅಕ್ಕನನ್ನು ಕೇಳಿದರು. ಅವಳು ತೋರಿಸಿದಳು. ಐದು ನಿಮಿಷದಲ್ಲಿ ನಾನು, ಮೇಡಂ, ಆಸ್ಪತ್ರೆ, ಜಗತ್ತು ಎಲ್ಲವೂ ಅವರ ಪಾಲಿಗೆ ಮಾಯವಾಗಿದ್ದವು. ಅಷ್ಟು ಅಗಲದ ಮೇಜಿನ ಮೇಲೆ ಅಂಗೈ ಬುಡ ಊರಿ, ಮೈಯ ಭಾರವನ್ನೆಲ್ಲ ಹಾಕಿ ನಾದುತ್ತಿದ್ದರು. ಗೋದಾಮಿಗೆ ಬರಲ್ಲ ಎಂದು ಡ್ರೈವರಿಗೆ ಹೇಳುವ ಕೆಲಸ ನನ್ನ ತಲೆಗೇ ಬಿತ್ತು. ಸಂತೋಷವಾಗಿಯೇ ಹೊತ್ತೆ.

ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಮಾವ ಮಧ್ಯಾಹ್ನ ಊಟಕ್ಕೆ ಬರಲ್ಲ. ಕೆಲಸ ಸಿಕ್ಕಿದೆ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಮೂಗು ಸೊರ ಸೊರ ಎನ್ನುವುದು ಕೇಳಿಸಿತು. ಆಮೇಲೆ ಅತ್ತೆ ಕೇಳಿದರು:

"ಯಾವತ್ತಿಂದ ಬನ್ನಿ ಅಂದಿದಾರೆ?"

"ಹೋದ ತಿಂಗಳಿಂದ," ಎಂದೆ.